ಮೂಲ ರಿಜಿಸ್ಟರು ತರಿಸಿದವನು

ನಾನು ರವೂಫ್ ವಕೀಲರ ಗುಮಾಸ್ತ, ಹೆಸರು ಪಿಯುಸ್. ಮೊದಲು ಅವರ ಸೀನಿಯರ್ ವಕೀಲರ ಬಳಿ ಇದ್ದೆ. ಆ ಹಿರಿಯರು ತೀರಿಕೊಂಡಾಗ ಮೇಜು, ಕಪಾಟು, ಕಾನೂನು ಪುಸ್ತಕಗಳ ಜೊತೆ ನಾನೂ ರವೂಫರ ಪಾಲಿಗೆ ಬಂದೆ. ಇಪ್ಪತ್ತೆರಡು ವರ್ಷದಲ್ಲಿ ಸಂಪಾದಿಸಿದ್ದು ಒಂದೇ ಒಂದು ಹೆಸರು: ಯಾವ ಕಚೇರಿಯ ಯಾವ ಮೂಲೆಯಲ್ಲಿ ಹುದುಗಿದ್ದರೂ ಕಾಗದವನ್ನು ಹೊರಗೆ ತರುವವನು ಪಿಯುಸ್. ತಾಲೂಕು ಕಚೇರಿಯ ಗೆದ್ದಲು ಹಿಡಿದ ಕಡತವಿರಲಿ, ಇಗರ್ಜಿಯ ಮದುವೆ ಪುಸ್ತಕವಿರಲಿ, ಬೇರೆ ವಕೀಲರ ಗುಮಾಸ್ತರು ಮೂರು ತಿಂಗಳು ಅಲೆದು ಬರಿಗೈಯಲ್ಲಿ ಬಂದದ್ದನ್ನು ನಾನು ಮೂರು ದಿನದಲ್ಲಿ ತಂದಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆಗ ಜಂಬವಿತ್ತು, ಈಗಿಲ್ಲ.

ಎಸ್ತೆರ್ ಬಾಯಿ ನಮ್ಮ ಆಫೀಸಿಗೆ ಬಂದದ್ದು ಐವತ್ತೆಂಟನೆಯ ಇಸವಿಯ ಜೂನ್‌ನಲ್ಲಿ. ಫಳ್ನೀರಿನಲ್ಲಿ ಬಾಡಿಗೆ ಮನೆ, ಮಿಷನ್ ಶಾಲೆಯಲ್ಲಿ ಸಣ್ಣ ತರಗತಿಗೆ ಟೀಚರು. ಗಂಡ ಕಜೆಟನ್ ಬಹರೈನಿನಲ್ಲಿ ಮೆಕ್ಯಾನಿಕ್. ಅವನಿಗೆ ಅಲ್ಲಿ ಮನೆ ಸಿಕ್ಕಿತ್ತು, ಹೆಂಡತಿ ಮಗಳು ಇಬ್ಬರೂ ಬನ್ನಿ ಎಂದು ಬರೆದಿದ್ದ. ಮಗಳು ಬರ್ನಡೆಟ್‌ಗೆ ಆರು ವರ್ಷ. ಹೆತ್ತ ಮಗಳಲ್ಲ. ವರ್ಷದ ಕೂಸಾಗಿದ್ದಾಗ ಸಿಸ್ಟರುಗಳ ಅನಾಥಾಲಯದಿಂದ ತಂದು ಸಾಕಿದ್ದು. ನಮ್ಮ ಕ್ರಿಸ್ತುವರಿಗೆ ಕಾನೂನಿನಲ್ಲಿ ದತ್ತು ಎಂಬುದಿಲ್ಲ. ಕೋರ್ಟಿನಿಂದ ಗಾರ್ಡಿಯನ್ ಎಂದು ಆರ್ಡರ್ ತಂದರೆ ಮಾತ್ರ ಮಗುವಿಗೆ ಪಾಸ್‌ಪೋರ್ಟ್ ಎಂದು ಪಾಸ್‌ಪೋರ್ಟ್ ಆಫೀಸಿನವರು ಅರ್ಜಿ ವಾಪಸ್ ಕಳಿಸಿದ್ದರು.

"ಇದು ದೊಡ್ಡ ಕೇಸಲ್ಲ ಬಾಯಿ," ಎಂದರು ರವೂಫ್. "ಎದುರು ಪಾರ್ಟಿ ಇಲ್ಲ. ಮಗು ಅನಾಥ, ನೀವು ಸಾಕಿದವರು. ಅನಾಥಾಲಯದಿಂದ ಒಂದು ಲೆಟರ್ ಬೇಕು, ಅಷ್ಟೆ. ಪೊರ್ಬು ತಂದು ಕೊಡ್ತಾರೆ." ಪೊರ್ಬು ಎಂದರೆ ನಾನು. ಊರಿನವರು ನಮ್ಮ ಜನರನ್ನು ಕರೆಯುವುದೇ ಹಾಗೆ.

ಆ ಲೆಟರ್ ತರಲಿಕ್ಕೆ ನಾನು ನಾಲ್ಕು ಸಲ ಹೋದೆ. ಮೊದಲ ಸಲ ಪ್ರಾರ್ಥನೆಯ ಹೊತ್ತು, ಎರಡನೆಯ ಸಲ ಅಲ್ಲಿನ ಮುಖ್ಯಸ್ಥೆ ಮದರ್ ಊರಲ್ಲಿಲ್ಲ. ಮೂರನೆಯ ಸಲ ಮದರ್ ಇದ್ದರು, ಆದರೆ ಹೊರಗಿನವರಿಗೆ ಕಾಗದ ಕೊಡುವ ಕ್ರಮ ಇಲ್ಲವಂತೆ. ನಾಲ್ಕನೆಯ ಸಲ ನಾನು ಪಾರ್ಲರಿನ, ಎಂದರೆ ಬಂದವರು ಕಾಯುವ ಕೋಣೆಯ, ಬೆಂಚಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೂತವನು ಹನ್ನೆರಡೂವರೆಯವರೆಗೆ ಏಳಲಿಲ್ಲ. ಕೊನೆಗೆ ಮದರ್ ತಾವೇ ಹೊರಗೆ ಬಂದು ಇಂಗ್ಲಿಷಿನಲ್ಲಿ ಎರಡು ಸಾಲು ಟೈಪು ಮಾಡಿಸಿ ಕೊಟ್ಟರು: ಈ ಮಗುವನ್ನು ನಮ್ಮ ಸಂಸ್ಥೆಯಿಂದ ಈ ದಂಪತಿಗೆ ಒಪ್ಪಿಸಲಾಗಿದೆ, ನಮಗೆ ತಿಳಿದ ಮಟ್ಟಿಗೆ ಇದರ ಮೇಲೆ ಯಾರ ಹಕ್ಕೂ ಇಲ್ಲ. ಮದರ್ ಕೇರಳದವರು, ಬಂದು ಎರಡೇ ವರ್ಷ. ಒಳ್ಳೆಯ ಹೆಂಗಸು, ಸುಳ್ಳು ಬರೆಯಲಿಲ್ಲ. ಅವರಿಗೆ ತಿಳಿದದ್ದೇ ಅಷ್ಟು.

ರವೂಫ್ ಲೆಟರ್ ಓದಿ, ಸಾಕು ಎಂದರು. ಸಾಕು ಎನ್ನುವ ಮಾತು ನನಗೆ ಹಿಡಿಸಲಿಲ್ಲ.

"'ನಮಗೆ ತಿಳಿದ ಮಟ್ಟಿಗೆ' ಅಂತ ಉಂಟಲ್ಲ ಸರ್," ಎಂದೆ. "ಹೊಸ ಜಡ್ಜಿ ಮೈಸೂರು ಕಡೆಯವರು, ಎಲ್ಲದಕ್ಕೂ ಮೂಲ ದಾಖಲೆ ಎಲ್ಲಿ ಅಂತ ಕೇಳ್ತಾರೆ. ಮಗುವನ್ನು ಸೇರಿಸಿದ ರಿಜಿಸ್ಟರ್ ಅಲ್ಲಿ ಇದ್ದೇ ಇರ್ತದೆ. ಸಮನ್ಸ್ ಹಾಕಿ ತರಿಸುವ. ಒಮ್ಮೆ ಮೂಲ ಬಂದರೆ ನಾಳೆ ಯಾರೂ ಮಾತಾಡುವ ಹಾಗಿಲ್ಲ."

"ಅವರು ಕೇಳಿದ್ದಾರಾ?"

"ಕೇಳುವ ಮೊದಲೇ ಇಡುವ."

ನಿಜ ಹೇಳುತ್ತೇನೆ, ಜಡ್ಜಿ ಕೇಳಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಮೂರೂವರೆ ಗಂಟೆ ನನ್ನನ್ನು ಬೆಂಚಿನಲ್ಲಿ ಕೂರಿಸಿದ ಸಿಟ್ಟು ನನ್ನೊಳಗೆ ಇತ್ತು. ಹೊರಗಿನವರಿಗೆ ಕಾಗದ ಕೊಡುವುದಿಲ್ಲವಲ್ಲ, ಈಗ ಕೋರ್ಟಿನ ಮುದ್ರೆ ಹಾಕಿ ಕೇಳುತ್ತೇನೆ, ಅದು ಹೇಗೆ ಕೊಡುವುದಿಲ್ಲ ನೋಡುತ್ತೇನೆ ಎಂಬ ಹಠ.

ಸಮನ್ಸಿನ ಅರ್ಜಿಗೆ ಸಹಿ ಹಾಕುವಾಗ ಎಸ್ತೆರ್ ಬಾಯಿ ಪೆನ್ನನ್ನು ಕಾಗದಕ್ಕೆ ತಾಗಿಸದೆ ಹಿಡಿದುಕೊಂಡರು. ನಮ್ಮಿಬ್ಬರ ಮಾತು ಕೊಂಕಣಿಯಲ್ಲಿ, ಅದನ್ನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹಳೆಯ ಪುಸ್ತಕ ಎಂತಕ್ಕೆ ತೆಗೆಯುವುದು ಪಿಯುಸ್ ಬಾಬ್? ಲೆಟರ್ ಸಿಕ್ಕಿತಲ್ಲ."

"ಲೆಟರ್ ಅಂದ್ರೆ ಗೋಡೆಗೆ ಸುಣ್ಣ. ರಿಜಿಸ್ಟರ್ ಅಂದ್ರೆ ಗೋಡೆ," ಎಂದೆ ನಾನು ದೊಡ್ಡ ಮನುಷ್ಯನ ಹಾಗೆ. ಅವರು ಸಹಿ ಹಾಕಿದರು.

ಸಮನ್ಸ್ ಹೋಯಿತು, ಸಾಕ್ಷಿ ಭತ್ಯೆ ಕಟ್ಟಿದೆವು. ಅನಾಥಾಲಯದವರು ಬಿಷಪರ ಕಚೇರಿಯಿಂದ ಅನುಮತಿ ಬೇಕು ಎಂದು ಒಂದು ವಾಯಿದೆ ಕೇಳಿದರು, ಮಳೆಗೆ ಕಪಾಟಿನ ಬೀಗ ತುಕ್ಕು ಹಿಡಿದಿದೆ ಎಂದು ಇನ್ನೊಂದು. ನಾನು ಬಿಡುವವನಲ್ಲ. ಎರಡನೆಯ ಸಮನ್ಸ್ ಕಳಿಸಿದೆ. ಸೆಪ್ಟೆಂಬರ್ ಕೊನೆಯಲ್ಲಿ ಮದರ್ ತಾವೇ ರಿಜಿಸ್ಟರನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಸೀಲು ಹಾಕಿಸಿ ತಂದರು.

ಇಂಥ ಅರ್ಜಿಗಳನ್ನು ಜಡ್ಜಿ ತಮ್ಮ ಚೇಂಬರಿನಲ್ಲೇ ಕೇಳುತ್ತಿದ್ದರು. ಒಳಗಿದ್ದವರು ಜಡ್ಜಿ, ಕುಂದಾಪುರ ಕಡೆಯ ಶಿರಸ್ತೇದಾರರು, ರವೂಫ್, ಮದರ್, ಎಸ್ತೆರ್ ಬಾಯಿ, ನಾನು. ಶಿರಸ್ತೇದಾರರು ಸೀಲು ಒಡೆದು, ಐವತ್ತೆರಡನೆಯ ಇಸವಿಯ ಪುಟ ತೆಗೆದು ಜಡ್ಜಿಯ ಮುಂದಿಟ್ಟರು.

"ಏನ್ರೀ ಇದು? ಲಿಪಿ ಕನ್ನಡ, ಒಂದಕ್ಷರಾನೂ ಅರ್ಥ ಆಗ್ತಿಲ್ಲ."

"ಕೊಂಕಣಿ, ಸರ್," ಎಂದರು ರವೂಫ್. ಮದರ್ ಇಂಗ್ಲಿಷಿನಲ್ಲಿ, ಈ ಹಳೆಯ ಪುಸ್ತಕಗಳನ್ನು ತಾನು ಓದಲಾರೆ, ಬರೆದ ಸಿಸ್ಟರ್ ಪ್ಲಾಸಿಡಾ ತೀರಿಕೊಂಡು ಐದು ವರ್ಷವಾಯಿತು ಎಂದರು.

"ಹಾಗಾದ್ರೆ ಓದೋರು ಯಾರು?"

ರವೂಫ್ ನನ್ನ ಕಡೆ ನೋಡಿದರು. ವಿರೋಧ ಮಾಡುವವರು ಯಾರೂ ಇಲ್ಲವಾದ್ದರಿಂದ ಜಡ್ಜಿ ನನಗೇ ಪ್ರಮಾಣ ಬೋಧಿಸಿ ಪುಸ್ತಕ ಕೊಟ್ಟರು. ನಾನು ಕನ್ನಡಕ ಒರೆಸಿಕೊಂಡೆ. ಒಳಗೊಳಗೇ ಖುಷಿ, ತರಿಸಿದವನೂ ನಾನೇ, ಓದುವವನೂ ನಾನೇ. ಕೊಂಕಣಿಯಲ್ಲಿ ಗಟ್ಟಿಯಾಗಿ ಓದಿದೆ. ನಾಲ್ಕೇ ಸಾಲು. ಮೂರನೆಯ ಸಾಲಿಗೆ ಬಂದಾಗ ಎಸ್ತೆರ್ ಬಾಯಿಯ ಕೈಯಿಂದ ಕೈಚೀಲ ಕೆಳಗೆ ಬಿತ್ತು.

ಅಲ್ಲಿ "ಸಾಂಬಾಳುಂಕ್ ದಿಲಾಂ" ಎಂದಿತ್ತು.

ಸಾಕಲು ಕೊಡುವುದಕ್ಕೆ ನಮ್ಮ ಭಾಷೆಯಲ್ಲಿ ಬೇರೆ ಮಾತಿದೆ, "ಪೊಸುಂಕ್". ಪೊಸುಂಕ್ ಕೊಟ್ಟ ಮಗು ಕೊಂಡುಹೋದವರದೇ. ಸಾಂಬಾಳುಂಕ್ ಎಂದರೆ ನೋಡಿಕೊಳ್ಳಲು. ಮದುವೆಗೆಂದು ಊರಿಗೆ ಹೋಗುವಾಗ ಕೋಳಿಗಳನ್ನು ನೆರೆಮನೆಗೆ ಸಾಂಬಾಳುಂಕ್ ಕೊಟ್ಟು ಹೋಗುತ್ತೇವೆ, ಮನೆಯ ಬೀಗದ ಕೈಯನ್ನೂ ಕೊಡುತ್ತೇವೆ. ಬಂದ ಮೇಲೆ ವಾಪಸ್ ಕೇಳಿ ತೆಗೆದುಕೊಳ್ಳುತ್ತೇವೆ. ಸಿಸ್ಟರ್ ಪ್ಲಾಸಿಡಾ ಎಂಥ ಶಬ್ದ ಬರೆಯಬೇಕೋ ಅದನ್ನೇ ಬರೆದು ಕಣ್ಣು ಮುಚ್ಚಿದ್ದರು. ಆಮೇಲೆ ಬಂದವರು ಪುಸ್ತಕ ನೋಡದೆ ಮಗುವನ್ನು ಪೊಸುಂಕ್ ಎಂದು ಕೊಟ್ಟಿದ್ದರು.

"ಅರ್ಥ ಹೇಳಿ," ಎಂದರು ಜಡ್ಜಿ.

ಎಸ್ತೆರ್ ಬಾಯಿ ನನ್ನನ್ನೇ ನೋಡುತ್ತಿದ್ದರು. ತಲೆಯನ್ನು ಎಷ್ಟು ಸಣ್ಣಗೆ ಅಲ್ಲಾಡಿಸಿದರೆಂದರೆ ನಾನೊಬ್ಬನೇ ಕಂಡೆ. ಆ ಕೋಣೆಯಲ್ಲಿ ಕೊಂಕಣಿ ಗೊತ್ತಿದ್ದವರು ನಾವಿಬ್ಬರೇ. ಸಾಕಲು ಕೊಟ್ಟದ್ದು ಎಂದು ನಾನು ಹೇಳಿದ್ದರೆ, ನಾಲ್ಕನೆಯ ಸಾಲನ್ನು ನುಂಗಿದ್ದರೆ, ಐದು ನಿಮಿಷದಲ್ಲಿ ಆರ್ಡರ್ ಆಗುತ್ತಿತ್ತು. ಮಗು ಬಹರೈನಿನಲ್ಲಿರುತ್ತಿತ್ತು.

ನಾನು ಹೇಳಿದೆ: "ನೆಲ್ಲಿ ಎಂಬವಳ ಮಗು. ನಾಲ್ಕು ತಿಂಗಳು. ನೋಡಿಕೊಳ್ಳಲು ಕೊಟ್ಟದ್ದು. ತಾಯಿಗೆ ಕ್ಷಯ, ಗುಣವಾದ ಕೂಡಲೇ ಕರೆದುಕೊಂಡು ಹೋಗುತ್ತಾಳೆ. ಅಣ್ಣನ ಮನೆ ವಾಮಂಜೂರು."

ನಾನು ದೊಡ್ಡ ಸತ್ಯವಂತನೆಂದು ತಿಳಿಯಬೇಡಿ. ಪ್ರಮಾಣಕ್ಕೆ ಹೆದರಿದೆನೆಂದೂ ಅಲ್ಲ. ಇಪ್ಪತ್ತೆರಡು ವರ್ಷ ಕಾಗದದಲ್ಲಿದ್ದದ್ದನ್ನು ಇದ್ದ ಹಾಗೆ ಓದಿ ಓದಿ ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ. ಯೋಚನೆ ಮಾಡುವ ಮೊದಲೇ ಬಾಯಿಯಿಂದ ಹೊರಗೆ ಬಂದಿತ್ತು.

ತಾಯಿಗೆ ನೋಟೀಸು ಮಾಡಿ ಎಂದರು ಜಡ್ಜಿ. ಹೊರಗೆ ವರಾಂಡದಲ್ಲಿ ರವೂಫ್ ಸಿಗರೇಟು ಹಚ್ಚಿದರು.

"ನೀವು ತಪ್ಪು ಓದಬೇಕಿತ್ತು ಅಂತ ನಾನು ಹೇಳುವುದಿಲ್ಲ ಪೊರ್ಬು, ಹೇಳಲೂಬಾರದು. ಆದ್ರೆ ಆ ಪುಸ್ತಕ ತರಿಸುವ ಅಂತ ಹೇಳಿದ್ದು ಯಾರು ಮಾರಾಯ್ರೆ?"



ಆರು ವರ್ಷದ ಹಿಂದಿನ ಕ್ಷಯ. ಆಗಿನ ಕಾಲಕ್ಕೆ ಅದು ಬಂದವರು ತಿರುಗಿ ಬರುತ್ತಿದ್ದದ್ದು ಕಡಿಮೆ. ತಾಯಿ ಸತ್ತಿರುತ್ತಾಳೆ, ನೋಟೀಸು ಹಾಗೆಯೇ ವಾಪಸ್ ಬರುತ್ತದೆ ಎಂದು ನಾನು ಎಸ್ತೆರ್ ಬಾಯಿಗೆ ಸಮಾಧಾನ ಹೇಳಿದೆ. ಎಂಥ ಸಮಾಧಾನ ನೋಡಿ. ಹತ್ತನೆಯ ದಿನಕ್ಕೆ ಕೋರ್ಟಿನ ಅಮೀನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ. ನೆಲ್ಲಿ ಬದುಕಿದ್ದಳು. ಇಡೀ ಆರು ವರ್ಷ ಅವಳು ಇದ್ದದ್ದು ಒಂದು ಬಸ್ಸಿನ ದೂರದಲ್ಲಿ.

ಅಕ್ಟೋಬರಿನ ವಾಯಿದೆಗೆ ಅವಳು ಬಂದಳು. ಇಪ್ಪತ್ತೆಂಟೋ ಮೂವತ್ತೋ ಇರಬೇಕು, ಆದರೆ ಭುಜ ಮುದುಕಿಯದು. ಗಂಡ ಮದುವೆಯಾದ ಮರುವರ್ಷವೇ ಹಂಚಿನ ಕಾರ್ಖಾನೆಯಲ್ಲಿ ಸತ್ತಿದ್ದ. ಮೂರು ವರ್ಷ ಸ್ಯಾನಿಟೋರಿಯಂನಲ್ಲಿ ಮಲಗಿ ಸೂಜಿಮದ್ದಿನಲ್ಲಿ ಬದುಕಿ, ಈಗ ಅಲ್ಲೇ ರೋಗಿಗಳ ಬಟ್ಟೆ ಒಗೆಯುವ ಕೆಲಸ. ಗುಣವಾದ ವಾರವೇ ಅನಾಥಾಲಯಕ್ಕೆ ಹೋಗಿದ್ದಳಂತೆ. ಮಗು ಒಳ್ಳೆಯ ಮನೆಗೆ ಹೋಗಿದೆ, ದೇವರನ್ನು ಬೇಡಿಕೋ ಎಂದು ಗೇಟಿನಿಂದಲೇ ಕಳಿಸಿದರಂತೆ.

"ಯಾರ ಮನೆ ಅಂತ ಕೇಳಲಿಲ್ಲವಾ?" ಜಡ್ಜಿ ಕೇಳಿದರು. ಅವಳ ಕೊಂಕಣಿಯನ್ನು ಈಗಲೂ ನಾನೇ ಕನ್ನಡಕ್ಕೆ ತರಬೇಕಾಯಿತು.

"ಕೇಳಿದೆ. ನಿನ್ನ ಮಗು ಅನ್ನಲಿಕ್ಕೆ ಕಾಗದ ಉಂಟಾ ಅಂದರು. ನನ್ನ ಹತ್ತಿರ ಎಂಥ ಕಾಗದ? ಸಿಸ್ಟರ್ ಪ್ಲಾಸಿಡಾ ಪುಸ್ತಕದಲ್ಲಿ ಬರೆದದ್ದನ್ನು ನೋಡಿದ್ದೇನೆ, ಓದಲಿಕ್ಕೆ ಬರುವುದಿಲ್ಲ ಅಂದೆ. ಪುಸ್ತಕ ಹೊರಗಿನವರಿಗೆ ತೋರಿಸುವುದಿಲ್ಲ ಅಂದರು."

ಅವಳ ಹತ್ತಿರ ಇಲ್ಲದಿದ್ದ ಕಾಗದವನ್ನು ನಾನು ಹುಡುಕಿ, ಎರಡೆರಡು ಸಮನ್ಸ್ ಹಾಕಿ, ಸೀಲು ಹಾಕಿಸಿ ತಂದುಕೊಟ್ಟಿದ್ದೆ. ನಾನು ಯಾರ ಕಡೆಯ ಗುಮಾಸ್ತ ಎಂದು ಆ ದಿನ ನನಗೇ ಗೊತ್ತಾಗಲಿಲ್ಲ.

ಉಳಿದದ್ದು ಒಂದೇ ಆಸೆ. ಜಡ್ಜಿ ನೆಲ್ಲಿಯ ಎದೆಯ ಫೋಟೋ, ಡಾಕ್ಟರ ವರದಿ ಆಸ್ಪತ್ರೆಯಿಂದ ನೇರವಾಗಿ ಕೋರ್ಟಿಗೆ ಬರಲಿ ಎಂದಿದ್ದರು. ರೋಗ ಇನ್ನೂ ಇದೆ ಎಂದು ಬಂದರೆ ಮಗು ಎಸ್ತೆರ್ ಬಾಯಿಯ ಬಳಿಯೇ ಉಳಿಯುತ್ತಿತ್ತು. ಆ ಹದಿನೈದು ದಿನ ಅವರು ದಿನಾ ಶಾಲೆ ಬಿಟ್ಟು ನೇರ ನಮ್ಮ ಆಫೀಸಿಗೆ ಬಂದು, ವರದಿ ಬಂತಾ ಎಂದು ಕೇಳಿ ಹೋಗುತ್ತಿದ್ದರು. ಒಂದು ದಿನ ಹೋಗದೆ ಬಾಗಿಲಲ್ಲೇ ನಿಂತರು.

"ನಾನು ಇಗರ್ಜಿಗೆ ಹೋಗಿ ಮೇಣದ ಬತ್ತಿ ಹಚ್ಚಿದೆ ಪಿಯುಸ್ ಬಾಬ್. ಆ ಹೆಂಗಸಿನ ಎದೆ ಹಾಳಾಗಿರಲಿ ಅಂತ. ಮತ್ತೆ ಹೆದರಿಕೆ ಆಯಿತು, ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದೆ. ಮರುದಿನ ಪುನಃ ಹೋಗಿ ಬತ್ತಿ ಹಚ್ಚಿದೆ."

ವರದಿ ನವೆಂಬರ್ ಏಳಕ್ಕೆ ಬಂತು. ಎರಡು ಶ್ವಾಸಕೋಶಗಳೂ ಸ್ವಚ್ಛ, ಕೆಲಸ ಮಾಡಲು, ಮಗುವಿನೊಂದಿಗೆ ಇರಲು ಯಾವ ಅಡ್ಡಿಯೂ ಇಲ್ಲ. ಕೋರ್ಟಿನ ಕಾಗದ ತಡವಾಗಿ ತಲುಪಿದರೂ, ತಲುಪಿದ ಮರುದಿನವೇ ಸ್ಯಾನಿಟೋರಿಯಂನವರು ಬರೆದು ಕಳಿಸಿದ್ದರು. ಜೀವನದಲ್ಲಿ ನಾನು ಕಂಡ ಅತಿ ಚುರುಕಿನ ಕಚೇರಿ ಅದು.

ಜಡ್ಜಿ ಕೆಟ್ಟವರಲ್ಲ. ಆರ್ಡರ್ ಓದುವಾಗ ಎರಡು ಸಲ ನೀರು ಕುಡಿದರು. ಅರ್ಜಿ ವಜಾ. ಹದಿನೈದು ದಿನದೊಳಗೆ ವಕೀಲರ ಎದುರು ಮಗುವನ್ನು ತಾಯಿಗೆ ಒಪ್ಪಿಸಿ, ತಾಯಿಯಿಂದ ರಶೀದಿ ಪಡೆದು ಕೋರ್ಟಿಗೆ ಹಾಜರುಪಡಿಸತಕ್ಕದ್ದು. ಅಪೀಲು ಹೋಗಬಹುದು ಎಂದರು ರವೂಫ್, ಆದರೆ ಹೇಳುವಾಗ ತಮ್ಮ ಬೂಟುಗಳನ್ನು ನೋಡುತ್ತಿದ್ದರು. ಎಸ್ತೆರ್ ಬಾಯಿ ಬೇಡವೆಂದರು.

ಒಪ್ಪಿಸುವ ದಿನ ಶನಿವಾರ. ಬರ್ನಡೆಟ್ ಹಳದಿ ಫ್ರಾಕು ಹಾಕಿಕೊಂಡು, ನನ್ನ ಮೇಜಿನ ಕೆಳಗೆ ಕೂತು ಹಳೆಯ ಕಾಗದಗಳಲ್ಲಿ ದೋಣಿ ಮಾಡುತ್ತಿದ್ದಳು. ವಾಮಂಜೂರಿನ ಮಾವ್ಶಿಯ, ಎಂದರೆ ಚಿಕ್ಕಮ್ಮನ, ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರಲಿಕ್ಕೆ ಎಂದು ಅವಳಿಗೆ ಹೇಳಿದ್ದರು. ನೆಲ್ಲಿ ಬಾಗಿಲ ಬಳಿ ಮುದುಡಿ ನಿಂತಿದ್ದಳು, ಕುರ್ಚಿ ಕೊಟ್ಟರೂ ಕೂರಲಿಲ್ಲ. ನಾನು ರಶೀದಿ ಬರೆದೆ: ಆರು ವರ್ಷ ಪ್ರಾಯದ ಬರ್ನಡೆಟ್ ಎಂಬ ಹೆಣ್ಣು ಮಗುವನ್ನು ಆರೋಗ್ಯ ಸ್ಥಿತಿಯಲ್ಲಿ ಪಡೆದುಕೊಂಡಿರುತ್ತೇನೆ.

"ಇನ್ನೂ ಉಂಟು, ಬರೆಯಿರಿ," ಎಂದರು ಎಸ್ತೆರ್ ಬಾಯಿ.

"ಕೋರ್ಟಿಗೆ ಇಷ್ಟು ಸಾಕು ಬಾಯಿ."

"ಬರೆಯಿರಿ."

ಅವರು ಹೇಳುತ್ತಾ ಹೋದರು, ತರಗತಿಯಲ್ಲಿ ಮಕ್ಕಳಿಗೆ ಉಕ್ತಲೇಖನ ಕೊಡುವ ದನಿಯಲ್ಲಿ. ಎಡಗೈಯಲ್ಲಿ ಬರೆಯುತ್ತಾಳೆ, ಅದಕ್ಕೆ ಹೊಡೆಯಬಾರದು. ಬಂಗುಡೆಯ ಮುಳ್ಳು ತೆಗೆದು ಕೊಡಬೇಕು, ಇಲ್ಲದಿದ್ದರೆ ಹಾಗೆಯೇ ನುಂಗುತ್ತಾಳೆ. ಹಾಲಿಗೆ ಬೆಲ್ಲ ಹಾಕಬೇಕು. ಗುಡುಗಿಗೆ ಹೆದರುತ್ತಾಳೆ, ಆದರೆ ಹೆದರಿಕೆ ಇಲ್ಲ ಎನ್ನುತ್ತಾಳೆ. ಜ್ವರ ಬರುವ ಮುಂಚೆ ಬಹಳ ಮಾತಾಡುತ್ತಾಳೆ. ತಲೆ ಬಾಚುವಾಗ ಕಿವಿಯ ಹಿಂದೆ ನೋವಾಗುತ್ತದೆ. ಕಾಗದದ ಎರಡೂ ಬದಿ ತುಂಬಿತು.

ನಾನು ಅದನ್ನೆಲ್ಲ ನೆಲ್ಲಿಗೆ ಓದಿ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಮುಗಿದ ಮೇಲೆ, "ಇನ್ನೊಮ್ಮೆ ಓದಿ ಬಾಬ್, ನಿಧಾನ. ನನಗೆ ಓದಲಿಕ್ಕೆ ಬರುವುದಿಲ್ಲ, ಬಾಯಿಪಾಠ ಆಗಬೇಕು," ಎಂದಳು. ಇನ್ನೊಮ್ಮೆ ಓದಿದೆ. ಅವಳ ತುಟಿ ನನ್ನ ಜೊತೆಗೇ ಅಲ್ಲಾಡುತ್ತಿತ್ತು. ತಲೆಯೆತ್ತಿ ನೋಡಿದರೆ ಎಸ್ತೆರ್ ಬಾಯಿ ಇರಲಿಲ್ಲ. ರವೂಫ್ ಕಿಟಕಿಯ ಕಡೆಗೆ ತಿರುಗಿ ನಿಂತಿದ್ದರು. ಮೇಜಿನ ಕೆಳಗಿನಿಂದ ಬರ್ನಡೆಟ್, "ಮಾಂಯ್ ಎಲ್ಲಿ?" ಎಂದಳು.

ಅದರ ನಂತರ ಎಸ್ತೆರ್ ಬಾಯಿ ನನ್ನ ಜೊತೆ ಮಾತಾಡಿಲ್ಲ. ಬಹರೈನಿಗೂ ಹೋಗಲಿಲ್ಲ. ಭಾನುವಾರ ಇಗರ್ಜಿಯಲ್ಲಿ ನನ್ನನ್ನು ಕಂಡರೆ ಬೇರೆ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಸೋಮವಾರ ರಶೀದಿಯನ್ನು ಕೋರ್ಟಿಗೆ ಕೊಟ್ಟರೆ ಶಿರಸ್ತೇದಾರರು ಓದಿ ಹುಬ್ಬು ಗಂಟಿಕ್ಕಿದರು.

"ಎಂತದ್ದು ಮಾರಾಯ್ರೆ ಇದು? ಬಂಗುಡೆ, ಬೆಲ್ಲ, ಗುಡುಗು! ಇದನ್ನು ರೆಕಾರ್ಡಿಗೆ ಹೇಗೆ ಸೇರಿಸುವುದು? ಎರಡು ಸಾಲಿನಲ್ಲಿ ಬೇರೆ ಬರೆದು ಹೆಬ್ಬೆಟ್ಟು ಹಾಕಿಸಿ ತನ್ನಿ."

ವಾದಿಸುವ ಶಕ್ತಿ ನನಗಿರಲಿಲ್ಲ. ಎರಡು ಸಾಲು ಬರೆದು, ಮಸಿಯ ಪ್ಯಾಡು ಜೇಬಿಗೆ ಹಾಕಿಕೊಂಡು ಮಂಗಳವಾರ ಮಧ್ಯಾಹ್ನದ ಬಸ್ಸಿನಲ್ಲಿ ವಾಮಂಜೂರಿಗೆ ಹೋದೆ. ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ಸ್ವಲ್ಪ ನಡೆದರೆ ಅಣ್ಣನ ಮನೆಗೆ ತಾಗಿದ ಒಂದು ಸೋಗೆಯ ಮಾಡು. ನೆಲ್ಲಿ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬರ್ನಡೆಟ್ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ಅವಳು ಚಿಕ್ಕಪ್ಪ ಎಂಬಂತೆ ಬಾಪ್ಪು ಎನ್ನುತ್ತಿದ್ದಳು. ಕಂಡದ್ದೇ ಎದ್ದು ನಿಂತಳು.

"ಪಿಯುಸ್ ಬಾಪ್ಪು! ಮಾಂಯ್ ಕಳಿಸಿದ್ದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಓಡಿದಳು. ಬಟ್ಟೆಯ ಚೀಲ ಎಳೆದುಕೊಂಡು ಹೊರಗೆ ಬಂದಳು. ಚಪ್ಪಲಿ ಹಾಕಿದ್ದಳು, ಹಳದಿ ಫ್ರಾಕಿನ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದಳು. "ನಾನು ರೆಡಿ," ಎಂದಳು.

ನೆಲ್ಲಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. "ಪ್ರತಿ ಬಸ್ಸಿಗೂ ಹೀಗೆಯೇ ಬಾಬ್," ಎಂದಳು ಮೆಲ್ಲಗೆ. "ಹೊಡೆಯುವುದಿಲ್ಲ ನಾನು. ನೀವು ಓದಿದ್ದೆಲ್ಲ ಮಾಡಿದೆ. ಹಾಲಿಗೆ ಬೆಲ್ಲ ಹಾಕಿ ಕೊಟ್ಟೆ. ಕುಡಿಯುವುದಿಲ್ಲ."

ನಾನು ಪ್ಯಾಡು ತೆಗೆದೆ. ಕಾಗದವನ್ನು ಜಗಲಿಯ ಮೇಲಿಟ್ಟೆ. ನೆಲ್ಲಿ ಹೆಬ್ಬೆರಳು ಮುಂದೆ ಮಾಡಿದಳು. ಒಗೆದು ಒಗೆದು ಚರ್ಮ ನೆನೆದಿದ್ದರಿಂದ ಗೆರೆ ಸರಿಯಾಗಿ ಮೂಡಲಿಲ್ಲ, ಎರಡು ಸಲ ಒತ್ತಿಸಬೇಕಾಯಿತು. ಬರ್ನಡೆಟ್ ಚೀಲ ಹಿಡಿದುಕೊಂಡು ನೋಡುತ್ತಿದ್ದಳು.

"ಬರೆದಾಯಿತಾ ಬಾಪ್ಪು? ಹೋಗುವ?"

"ಇವತ್ತು ಬೇರೆ ಕೆಲಸ ಉಂಟು ಮಗಾ. ನಾಡಿದ್ದು ಬರ್ತೇನೆ."

"ನಾಡಿದ್ದು ಅಂದ್ರೆ ಯಾವ ವಾರ?"

"ಗುರುವಾರ."

ಅವಳು ಬೆರಳಲ್ಲಿ ಎಣಿಸಿ ತಲೆಯಾಡಿಸಿದಳು. ಚೀಲವನ್ನು ಒಳಗೆ ಕೊಂಡುಹೋಗಲಿಲ್ಲ, ಹೊಸ್ತಿಲ ಪಕ್ಕದಲ್ಲೇ ಗೋಡೆಗೆ ಒರಗಿಸಿಟ್ಟಳು. ನೆಲ್ಲಿ ನನ್ನ ಮುಖ ನೋಡಿದಳು.

ರಶೀದಿ ಬುಧವಾರ ದಾಖಲಾಯಿತು, ಕಡತ ಮುಚ್ಚಿತು. ಗುರುವಾರ ನಾನು ವಾಮಂಜೂರಿಗೆ ಹೋಗಲಿಲ್ಲ.